ಒಲೆಯ ಕಡೆ ಮುಖ

ಪಾರ್ಸೆಲ್ ಆಫೀಸಿನ ಕಿಟಕಿ ತೆಗೆಯುವ ಹೊತ್ತಿಗೇ ಚಿತ್ತಪ್ಪನಿಗೆ ಆ ಬುಧವಾರ ಸಾಕಾಗಿ ಹೋಗಿತ್ತು. ಮಂಗಳವಾರವೂ ಹೀಗೇ ಸಾಕಾಗಿತ್ತು. ದುರ್ಗದ ಗಾಡಿ ಒಂದು ಗಂಟೆ ತಡ ಎಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಇಷ್ಟು ದಪ್ಪಕ್ಕೆ ಬರೆದಿದ್ದರೂ ಚಿಕ್ಕಜಾಜೂರು ಜಂಕ್ಷನ್ನಿನ ಜನ ಗಂಟುಮೂಟೆ ಹೊತ್ತು ಪ್ಲಾಟ್‌ಫಾರಂ ಅಂಚಿಗೆ ಬಂದು ನಿಂತಿದ್ದರು. ಎಲ್ಲಿಗೆ ಹೋಗಿ ಏನು ಕಡಿದು ಕಟ್ಟೆ ಹಾಕುತ್ತಾರೋ. ಎದುರು ಗೋಡೆಯ ಮೇಲೆ ಸರ್ಕಾರ ಹೊಸದಾಗಿ ಬರೆಸಿದ ಅಕ್ಷರಗಳು: ಮಾತು ಕಡಿಮೆ, ದುಡಿಮೆ ಹೆಚ್ಚು. ಅದನ್ನು ಬರೆಸಿದವರು ಈ ಕಿಟಕಿಯೊಳಗೆ ಒಮ್ಮೆ ಇಣುಕಿದ್ದರೆ ತಮಗೆ ಬೇಕಾದ ಪ್ರಜೆ ಹದಿನೆಂಟು ವರ್ಷದಿಂದ ಇಲ್ಲೇ ಕೂತಿರುವುದು ಕಾಣುತ್ತಿತ್ತು ಎಂದುಕೊಂಡ. ಪಕ್ಕದ ಟಿಕೇಟು ಕೌಂಟರಿನಲ್ಲಿ ನಾಗರಾಜಪ್ಪ ಯಾರಿಗೋ ಏನೋ ಹೇಳಿ ತಾನೇ ಮೊದಲು ನಕ್ಕ. ಅವನ ನಗೆಗೆ ಹೊತ್ತು ಗೊತ್ತು ಇರಲಿಲ್ಲ. ಮಗಳ ಮದುವೆ ಮುರಿದುಬಿದ್ದ ವಾರವೂ ನಕ್ಕಿದ್ದ, ಮೂಲವ್ಯಾಧಿಯಾಗಿ ಕೂರಲು ಆಗದೆ ನಿಂತುಕೊಂಡೇ ಟಿಕೇಟು ಕೊಟ್ಟ ತಿಂಗಳೂ ನಕ್ಕಿದ್ದ. ಎಷ್ಟು ಚೆನ್ನಾಗಿ ವೇಷ ಹಾಕುತ್ತಾನೆ ಹಲ್ಕಟ್ಟು ಎಂದುಕೊಳ್ಳುತ್ತ ಚಿತ್ತಪ್ಪ ವೀಳ್ಯದೆಲೆ ಬುಟ್ಟಿಗಳ ಮೇಲೆ ಚೀಟಿ ಅಂಟಿಸತೊಡಗಿದ.

ವೇಷ ಎನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಎದೆಯ ಮೇಲೆ ನೆನೆದ ಕಂಬಳಿ ಹೊದಿಸಿದಂತಿರುವುದು ಯಾರಿಗೆ ತಾನೇ ಇಲ್ಲ? ಊಟಕ್ಕೆ ಉಪ್ಪು ಖಾರ ಎಲ್ಲ ಸರಿಯಾಗಿದ್ದೂ ಅದು ಯಾರೋ ಬೇರೆಯವರು ಉಂಡಂತೆ ಆಗುವುದು, ಎಂಟು ಗಂಟೆ ನಿದ್ದೆ ಮಾಡಿ ಎದ್ದರೂ ಮಲಗಿದ್ದೇ ಸುಳ್ಳು ಎನ್ನಿಸುವುದು, ಬಾಗಿಲಿನ ಚಿಲಕ ಸಡಿಲಾಗಿದೆ ಎಂದು ಗೊತ್ತಿದ್ದೂ ನಾಲ್ಕು ವರ್ಷ ಅದನ್ನು ನೋಡುತ್ತ ಕೂರುವುದು, ಇದೇ ತಾನೇ ಬದುಕು. ಎಲ್ಲರಿಗೂ ಇದೇ. ಆದರೆ ಉಳಿದವರು ಪುಕ್ಕಲರು. ಒಪ್ಪಿಕೊಳ್ಳಲಾರದೆ ಹಲ್ಲು ಕಿರಿಯುತ್ತಾರೆ. ತಾನೊಬ್ಬ ಕಿರಿಯುವುದಿಲ್ಲ, ಅಷ್ಟೇ. ಸಾಯಬೇಕು ಎಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ, ಅದಕ್ಕೆ ಬೇಕಾದ ಉತ್ಸಾಹವೂ ಇರಲಿಲ್ಲ. ಎರಡು ವರ್ಷದ ಹಿಂದೆ ರೈಲ್ವೆ ಮುಷ್ಕರವಾದಾಗ ಎಲ್ಲರೂ ಕೆಲಸ ಬಿಟ್ಟರೆಂದು ಅವನೂ ಬಿಟ್ಟ. ಮತ್ತೆ ಸೇರಿಸಿಕೊಂಡ ದಿನ ಯೂನಿಯನ್ನಿನವರು ಪ್ಲಾಟ್‌ಫಾರಂ ಮೇಲೆ ಹಾರ ಹಾಕಿದರು. ಚೆಂಡುಹೂವಿನ ನೀರು ಕುತ್ತಿಗೆಗೆ ಇಳಿಯುತ್ತಿತ್ತು. ‘ಗಟ್ಟಿ ಮನುಷ್ಯ, ಮುಖದ ಮೇಲೆ ಒಂದು ಗೆರೆ ಅಲ್ಲಾಡಲಿಲ್ಲ’ ಎಂದು ಯಾರೋ ಭಾಷಣ ಮಾಡಿದರು. ಇಂಥ ಕತ್ತೆಗಳ ನಡುವೆ ಗಟ್ಟಿ ಅನ್ನಿಸಿಕೊಳ್ಳುವುದು ಎಷ್ಟು ಸುಲಭ ಎಂದು ಆ ದಿನವಿಡೀ ಅವನ ಬಾಯಿ ಕಹಿಯಾಗಿತ್ತು.

ಹದಿನೈದು ದಿನದ ಹಿಂದೆ ಆ ಡಾಕ್ಟರು ಬಂದದ್ದು. ಲೈನಿನ ಮೇಲೆ ತಪಾಸಣೆಗೆ ಬರುವ ಹೊಸ ರೈಲ್ವೆ ಡಾಕ್ಟರು, ಇನ್ನೂ ಮೀಸೆ ನೆಟ್ಟಗಾಗದವನು, ವೆಯ್ಟಿಂಗ್ ರೂಮಿನಲ್ಲಿ ಮೇಜು ಹಾಕಿಸಿಕೊಂಡು ಕೂತಿದ್ದ. ಹೆಂಡತಿ ಕೆಂಚಕ್ಕ ತನಗೆ ಹೇಳದೆ ಕೇಳದೆ ಅಲ್ಲಿಗೆ ಹೋಗಿ, ‘ನಮ್ಮನೆಯೋರಿಗೆ ಏನೂ ಆಗಿಲ್ಲ ಸಾರ್, ಆದ್ರೆ ಏನೋ ಆಗೈತೆ’ ಎಂದಿದ್ದಳಂತೆ. ಗ್ಯಾಂಗ್‌ಮನ್ನುಗಳೆಲ್ಲ ಕೆಮ್ಮುತ್ತ ಕೂತಿದ್ದ ಬೆಂಚಿನ ಮುಂದೆಯೇ ಅವನನ್ನು ಕರೆಸಿದರು. ‘ಯಾವಾಗಿನಿಂದ ಹೀಗೆ?’ ಎಂದ ಡಾಕ್ಟರು. ‘ಹುಟ್ಟಿದ್ದೇ ಹೀಗೆ.’ ‘ಮನಸಾರೆ ನಕ್ಕಿದ್ದು ಕೊನೆಗೆ ಯಾವಾಗ, ನೆನಪಿದೆಯಾ?’ ಗ್ಯಾಂಗ್‌ಮನ್ನೊಬ್ಬ ಕೆಮ್ಮುವುದನ್ನು ನಿಲ್ಲಿಸಿ ಉತ್ತರಕ್ಕೆ ಕಿವಿಗೊಟ್ಟ. ಚಿತ್ತಪ್ಪನ ಕಿವಿ ಬಿಸಿಯಾಯಿತು. ಡಾಕ್ಟರು ಸ್ವರ ತಗ್ಗಿಸಿ ಹೇಳಿದ: ‘ಕೆಲವರಿಗೆ ಜೋರು ಜ್ವರ ಬರುತ್ತೆ, ಮಲಗ್ತಾರೆ, ಏಳ್ತಾರೆ. ಕೆಲವರಿಗೆ ಸಣ್ಣ ಮೈಬಿಸಿ ವರ್ಷಗಟ್ಟಲೆ ಇರುತ್ತೆ. ಕೆಲಸಕ್ಕೂ ಹೋಗ್ತಾರೆ, ಊಟಾನೂ ಮಾಡ್ತಾರೆ. ಕೊನೆಗೆ ಆ ಬಿಸೀನೇ ತಮ್ಮ ಮೈ ಅಂದ್ಕೊಂಡುಬಿಡ್ತಾರೆ. ಮನಸ್ಸಿಗೂ ಹಾಗಾಗೋದುಂಟು.’ ‘ಎಲ್ಲರಿಗೂ ಇರೋದೇ ಅಲ್ವೇ ಸಾರ್?’ ‘ಇಲ್ಲ, ಎಲ್ಲರಿಗೂ ಇರೋಲ್ಲ.’ ಎಷ್ಟು ಧೈರ್ಯ! ನಾಲ್ಕು ಪುಸ್ತಕ ಓದಿಕೊಂಡು ಬಂದು ಎಲ್ಲರ ಎದೆಯೊಳಗೆ ಹೊಕ್ಕು ನೋಡಿದವನ ಹಾಗೆ! ಗುರುವಾರ ಮನಸ್ಸಿನ ಡಾಕ್ಟರು ಬರುವ ದೊಡ್ಡ ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಟ್ಟ. ಕಳೆದ ಗುರುವಾರ ಚಿತ್ತಪ್ಪ ಹೋಗಲಿಲ್ಲ. ಕೆಂಚಕ್ಕ ಚೀಟಿಯನ್ನು ಗೋಡೆಯ ಕ್ಯಾಲೆಂಡರಿನ ಮೊಳೆಗೆ ಚುಚ್ಚಿಟ್ಟಿದ್ದಳು. ಇವತ್ತು ಬೆಳಿಗ್ಗೆ ಅವನ ಬಿಳಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು.

ಎರಡು ಗಂಟೆಗೆ ಕೆಲಸ ಮುಗಿಸಿ ಕ್ವಾರ್ಟರ್ಸಿಗೆ ಬಂದರೆ ಹೊಸ್ತಿಲ ಹೊರಗೆ ಎರಡು ಜೊತೆ ಹಳೇ ಮೆಟ್ಟು, ಒಳಗೆ ಕುರಿಯ ವಾಸನೆ. ಅವನ ಹಟ್ಟಿಯವರು. ಆದಿವಾಲದಾಚೆಯ ಕರೆಬೇವಿನಹಟ್ಟಿಯಿಂದ ಬಸ್ಸು, ರೈಲು ಹಿಡಿದು ಬಂದಿದ್ದರು. ಚಾಪೆಯ ಮೇಲೆ ಕರಿ ಕಂಬಳಿ ಹೊದ್ದು ಹಟ್ಟಿಯ ಯಜಮಾನ ಜುಂಜಯ್ಯ ಕೂತಿದ್ದ. ಎಂಬತ್ತು ದಾಟಿದ್ದರೂ ಕಣ್ಣು ಮಾತ್ರ ಹದ್ದಿನದು. ಪಕ್ಕದಲ್ಲಿ ಪಾಪಣ್ಣ, ಮುಂದಿನ ಎರಡು ಹಲ್ಲಿಲ್ಲದ, ಹಟ್ಟಿಯಲ್ಲಿ ಯಾರನ್ನು ಕಂಡರೂ ಅವರ ನಡಿಗೆ, ಕೆಮ್ಮು, ಸೀನು ಎಲ್ಲವನ್ನೂ ಮಾಡಿ ತೋರಿಸುವ ಮುದಿ ಕೋಡಂಗಿ. ಇವರನ್ನು ಕಂಡರೆ ಚಿತ್ತಪ್ಪನಿಗೆ ಮೊದಲಿನಿಂದಲೂ ಆಗದು. ಹಟ್ಟಿಗೆ ಹೋದಾಗಲೆಲ್ಲ ಇವರಿಗೆ ಅವನ ಮುಂದೆಯೇ ಮಂಗಾಟ. ಅವನ ಮದುವೆಯಲ್ಲಿ ಪಾಪಣ್ಣ ಸೀರೆ ಉಟ್ಟು ಬಂದು ಬೀಗಿತ್ತಿಯ ಹಾಗೆ ಅತ್ತಿದ್ದ. ತಾಯಿ ಮುದ್ದಕ್ಕನ ತಿಥಿಯ ದಿನ ಇದೇ ಜುಂಜಯ್ಯ, ಇಷ್ಟು ವಯಸ್ಸಾದವನು, ನಾಚಿಕೆಯಿಲ್ಲದೆ ಹೋತದ ಹಾಗೆ ಕೂಗಿ ತೋರಿಸಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ತಿಥಿಯ ಮನೆ ಎನ್ನುವುದಾದರೂ ಬೇಡವೇ? ಆ ದಿನವೇ ಅವನು ಹಟ್ಟಿಯನ್ನು ಮನಸ್ಸಿನಿಂದ ಕಿತ್ತುಹಾಕಿದ್ದ.

‘ಬಾರಪ್ಪ ಚಿತ್ತಪ್ಪ, ಕುಂತ್ಕ. ಒಂದು ಮಾತು ಕೇಳು’ ಎಂದ ಪಾಪಣ್ಣ, ಯೋಗಕ್ಷೇಮ ಕೂಡ ಕೇಳದೆ. ‘ಹೋದ್ ತಿಂಗಳು ಹಿರಿಯೂರು ಸಂತ್ಯಾಗೆ ಒಂದು ಟಗರು ತಗಂಡೆ. ಬಸ್ ಹತ್ತಿಸಿದೆ. ಕಂಡಕ್ಟರು, ಟಗರಿಗೂ ಟಿಕೇಟ್ ತಗಾ ಅಂದ. ತಗಂಡೆ. ಅದೇನ್ ಹಸಿದಿತ್ತೋ ಏನೋ, ಕೈಯಾಗಿದ್ದ ಟಿಕೇಟ್ ಕಿತ್ಕಂಡು ತಿಂದೇಬಿಡ್ತು. ಆದಿವಾಲ ಬರೋದ್ರೊಳಗೆ ಚೆಕಿಂಗ್‌ನೋನು ಹತ್ತಿದ. ಎಲ್ಲಯ್ಯಾ ಟಗರಿನ ಟಿಕೇಟು ಅಂದ. ಅದರತ್ರನೇ ಐತೆ ಸಾಮಿ, ಸ್ವಲ್ಪ ತಡ್ಕಳ್ರಿ, ಬೆಳಿಗ್ಗೆ ಅದೇ ಕೊಡ್ತೈತೆ ಅಂದೆ.’

ಅಡಿಗೆಮನೆಯಿಂದ ಕೆಂಚಕ್ಕನ ನಗು ಕೇಳಿತು. ತಡೆದುಕೊಳ್ಳಲು ಹೋಗಿ, ಆಗದೆ, ಮೂಗಿನಿಂದ ಸಿಡಿದ ನಗು. ಚಿತ್ತಪ್ಪನಿಗೆ ಅವಮಾನವಾಯಿತು. ಹೇಲುಚ್ಚೆಯ ಮಾತಿಗೆ ರೈಲ್ವೆ ನೌಕರನ ಹೆಂಡತಿ ನಗುವುದೇ? ‘ಟಗರಿಗೆ ಟಿಕೇಟು ಕೊಡಂಗಿಲ್ಲ, ಲಗೇಜು ಚೀಟಿ ಕೊಡಬೇಕು. ಆ ಕಂಡಕ್ಟರದು ತಪ್ಪು’ ಎಂದ.

ಮುದುಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪಣ್ಣನ ಬಾಯಿ ತೆರೆದೇ ಇತ್ತು. ಜುಂಜಯ್ಯ ಕಂಬಳಿಯ ಒಳಗಿನಿಂದ ನಿಧಾನ ಎರಡೂ ಕೈ ತೆಗೆದು, ಮಗನ ವಯಸ್ಸಿನ ಚಿತ್ತಪ್ಪನಿಗೆ ಕೈ ಮುಗಿದ. ‘ಸಾಕು ಪಾಪಣ್ಣ. ಇನ್ನ ಪರೀಕ್ಷೆ ಬ್ಯಾಡ’ ಎಂದ.

ಪರೀಕ್ಷೆ ಎಂಬ ಮಾತು ಚಿತ್ತಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಜುಂಜಯ್ಯ ಬಿಡಿಸಿ ಹೇಳಿದ. ಅವರ ಹಟ್ಟಿಯ ಗುಡಿಯ ಪೂಜಾರಿ ನಗುವವನಾಗಿರಬಾರದು. ಪೂಜಾರಿ ನಕ್ಕ ದಿನ ದೇವರು ಎದ್ದು ಹೋಗುತ್ತಾನೆ, ಮಂದೆ ದಿಕ್ಕಾಪಾಲಾಗುತ್ತದೆ. ಇದುವರೆಗಿನ ಪೂಜಾರಿ, ಜುಂಜಯ್ಯನ ಅಣ್ಣ ಚಿತ್ರಲಿಂಗಪ್ಪ, ಮೂವತ್ತು ವರ್ಷ ಗುಡಿಯಲ್ಲಿ ಕೂತವನು, ಹೋದ ಅಮಾವಾಸ್ಯೆ ತೀರಿಕೊಂಡ. ಮುಂದಿನವನು ಯಾರೆಂದು ಹುಡುಕುವ ಕಷ್ಟ ಹಟ್ಟಿಗೆ ಇರಲಿಲ್ಲ. ‘ನಿನಗೆ ಹನ್ನೆರಡು ವರ್ಷ ಇದ್ದಾಗ್ಲೇ ಕಣ್ಣಿಟ್ಟಿದ್ವಿ ಕಣಪ್ಪ. ಮದುವ್ಯಾಗೆ ನೋಡಿದ್ವಿ. ಅವ್ವನ ತಿಥ್ಯಾಗೆ ನೋಡಿದ್ವಿ. ಈ ವಯಸ್ಸಿನಾಗೆ ನಾನು ಹೋತ ಕೂಗ್ದಂಗೆ ಕೂಗಿದ್ದು ಯಾಕೆ ಅಂದ್ಕಂಡೆ? ಊರೆಲ್ಲ ಹೊಟ್ಟೆ ಹಿಡ್ಕಂಡು ನಗ್ತಿದ್ರೆ ನೀನು ಕಲ್ಲು ಕುಂತಂಗೆ ಕುಂತಿದ್ದೆ.’

ಚಿತ್ತಪ್ಪ ಗೋಡೆಗೆ ಒರಗಿದ. ಮೂವತ್ತು ವರ್ಷ ತಾನು ಈ ಹುಚ್ಚರನ್ನು ನೋಡಿ ಹೇಸಿಕೊಂಡಿದ್ದ. ಮೂವತ್ತು ವರ್ಷ ಈ ಹುಚ್ಚರು ತನ್ನ ಮುಂದೆ ಕುಣಿದು, ಅತ್ತು, ಹೋತ ಕೂಗಿ, ತನ್ನ ಮುಖ ನೋಡಿಕೊಂಡು ಹೋಗಿದ್ದರು. ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ. ಒಂದು ಬೆಚ್ಚಗಿನ ಕೊಬ್ಬು. ನೋಡು, ಆ ಮೀಸೆ ಮೂಡದವನು ಕಾಯಿಲೆ ಎಂದ. ಇಲ್ಲಿ ಎಂಬತ್ತು ವರ್ಷದವನು ಕೈ ಮುಗಿಯುತ್ತಿದ್ದಾನೆ. ಮುಳ್ಳುಬೇಲಿಯ ಒಳಗೆ ಗುಡಿ, ಗುಡಿಯ ಮುಂದೆ ಕಲ್ಲುಬಂಡೆ, ಅದರ ಮೇಲೆ ತಾನು. ಯಾರನ್ನೂ ಮಾತಾಡಿಸಬೇಕಿಲ್ಲ. ನಾಗರಾಜಪ್ಪನ ಹಲ್ಲು ನೋಡಬೇಕಿಲ್ಲ. ಇದೇ ಮುಖ, ಇದೇ ನೆನೆದ ಕಂಬಳಿಯ ಭಾರ, ಆದರೆ ಎದುರಿಗೆ ಬಂದವರೆಲ್ಲ ಅಡ್ಡ ಬೀಳುತ್ತಾರೆ. ಪೂಜಾರಿಯಾದವನು ಬೇಲಿಯೊಳಗೇ ಮಲಗಬೇಕು, ತನ್ನ ಅಡಿಗೆ ತಾನೇ ಬೇಯಿಸಿಕೊಳ್ಳಬೇಕು. ಹೆಂಡತಿ ಬೇರೆ ಗುಡಿಸಲಿನಲ್ಲಿರಬೇಕು, ಬೇಲಿ ದಾಟಿ ಬರುವಂತಿಲ್ಲ. ಚಿತ್ರಲಿಂಗಪ್ಪನ ಹೆಂಡತಿ ಏಕನಾಥಮ್ಮ ಮೂವತ್ತು ವರ್ಷ ಬೇಲಿಯ ಹೊರಗೆ ನೀರಿನ ಕೊಡ ಇಟ್ಟು ಹೋಗುತ್ತಿದ್ದದ್ದನ್ನು ಅವನು ನೋಡಿದ್ದ. ಮಾತಿಲ್ಲದೆ ಕೊಡ ಇಟ್ಟು ಮಾತಿಲ್ಲದೆ ಹೋಗುತ್ತಿದ್ದಳು. ಎಷ್ಟು ಒಳ್ಳೆಯ ಏರ್ಪಾಡು ಎಂದು ಆಗ ಅನ್ನಿಸಿತ್ತು. ಈಗಲೂ ಅನ್ನಿಸಿತು. ಹ್ಞೂಂ ಎನ್ನಲು ಬಾಯಿ ತೆರೆದ.

ಕೆಂಚಕ್ಕ ಮೂರು ಲೋಟ ಮಜ್ಜಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮುಖದಲ್ಲಿ ನಗುವಿನ ಗುರುತು ಇನ್ನೂ ಪೂರ್ತಿ ಹೋಗಿರಲಿಲ್ಲ; ಕಣ್ಣಂಚಿನಲ್ಲಿ ನಕ್ಕ ನೀರು ಹಾಗೇ ಇತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಆ ನೀರನ್ನು ಅವನು ನೋಡಿದ. ವೇಷ ಹಾಕುವವರಿಗೆ ಕಣ್ಣಲ್ಲಿ ನೀರು ಬರುತ್ತದೆಯೇ? ಅದೂ ಯಾರೂ ನೋಡದ ಅಡಿಗೆಮನೆಯಲ್ಲಿ, ಯಾರಿಗೆ ತೋರಿಸಲು?

‘ನೀನು ಆಗ್ಲೇ ನಕ್ಕಿದ್ದು... ನಿಜವಾಗ್ಲೂ ನಕ್ಕಿದ್ದಾ?’ ಎಂದ.

‘ಅಂದ್ರೆ?’

‘ಒಳಗೆ. ಒಳಗೆ ಏನಾದ್ರೂ ಆಗ್ತೈತಾ ನಿನಗೆ, ನಕ್ಕಾಗ?’

ಅವಳು ಲೋಟಗಳನ್ನು ನೆಲದ ಮೇಲಿಟ್ಟಳು. ಇದು ತಮಾಷೆಯ ಪ್ರಶ್ನೆಯೋ ಬೈಗುಳವೋ ತಿಳಿಯದೆ ಮುದುಕರ ಕಡೆ ನೋಡಿದಳು. ‘ನಗು ಬಂತು, ನಕ್ಕೆ ಕಣ್ರಿ. ಹಗುರಾಗ್ತೈತೆ. ಎಲ್ಲಾರಿಗೂ ಆದಂಗೆ’ ಎಂದಳು. ಆಮೇಲೆ, ಹೇಗೂ ಕೇಳಿದಿರಲ್ಲ ಎನ್ನುವಂತೆ, ಸಣ್ಣ ದನಿಯಲ್ಲಿ, ‘ನೀವು ಮನ್ಯಾಗೆ ಇದ್ದಾಗ ಒಲೆ ಕಡೆ ಮುಖ ಮಾಡಿ ನಗ್ತೀನಿ. ಹನ್ನೊಂದು ವರ್ಷದಿಂದ. ನೀವು ಮುಖ ಸಿಂಡರಿಸ್ತೀರಲ್ಲ, ಅದಕ್ಕೆ. ನೀವು ಡ್ಯೂಟಿಗೆ ಹೋದ್ಮೇಲೆ ಪಕ್ಕದ ಮನೆ ಹನುಮಮ್ಮ ಬರ್ತಾಳೆ. ಆಗ ಜೋರಾಗಿ ನಗ್ತೀವಿ’ ಎಂದಳು.

ಒಲೆಯ ಕಡೆ ಮುಖ. ಅವನು ಆ ಬೆನ್ನನ್ನು ಹನ್ನೊಂದು ವರ್ಷದಿಂದ ನೋಡಿದ್ದ. ಆಗಾಗ ಅಲುಗುತ್ತಿದ್ದ ಬೆನ್ನು. ಹೊಗೆಗೆ ಕೆಮ್ಮುತ್ತಾಳೆ ಎಂದುಕೊಂಡಿದ್ದ, ಒಮ್ಮೊಮ್ಮೆ ಅಳುತ್ತಿದ್ದಾಳೆ ಎಂದುಕೊಂಡು, ಅಳಲಿ, ಕೊನೆಗೂ ಇವಳಿಗಾದರೂ ನಿಜ ಗೊತ್ತಾಯಿತಲ್ಲ ಎಂದು ಒಂದು ತರಹದ ತೃಪ್ತಿಯನ್ನೂ ಪಟ್ಟಿದ್ದ. ಥೂ. ಹಾಗಾದರೆ ನಾಗರಾಜಪ್ಪನದೂ ನಿಜವೇ? ಮೂಲವ್ಯಾಧಿಯಲ್ಲಿ ನಿಂತುಕೊಂಡು ನಕ್ಕಾಗಲೂ ಆ ಬೋಳುತಲೆಯವನಿಗೆ ಒಳಗೆ ಹಗುರಾಗಿತ್ತೇ? ಪ್ಲಾಟ್‌ಫಾರಂ ತುಂಬ, ಹಟ್ಟಿಯ ತುಂಬ, ಜಗತ್ತಿನ ತುಂಬ ಜನ ಸುಮ್ಮನೆ, ಬಿಟ್ಟಿಯಾಗಿ, ಹಗುರಾಗಿ ಓಡಾಡಿಕೊಂಡಿದ್ದರು. ತಾನೊಬ್ಬ ಅವರಿಗೆಲ್ಲ ಮನಸ್ಸಿನಲ್ಲೇ ಉಗಿಯುತ್ತ ಕಿಟಕಿಯ ಹಿಂದೆ ಕೂತಿದ್ದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಹೊಟ್ಟೆಕಿಚ್ಚಾಯಿತು, ಕಣ್ಣು ಕತ್ತಲಿಡುವಷ್ಟು.

ನಕ್ಕುಬಿಡೋಣ ಎಂದುಕೊಂಡ. ಈಗಲೇ, ಇವರ ಎದುರಿಗೇ ನಕ್ಕುಬಿಟ್ಟರೆ ಗುಡಿಯೂ ತಪ್ಪಿತು, ಆಸ್ಪತ್ರೆಯೂ ತಪ್ಪಿತು. ಟಗರನ್ನು ನೆನೆದ. ಅದು ಟಿಕೇಟು ತಿನ್ನುವುದನ್ನು, ಚೆಕಿಂಗ್‌ನವನ ಮುಖವನ್ನು. ಬಾಯಿ ಅಗಲಿಸಿದ. ‘ಹ... ಹಹ’ ಎಂದು ಏನೋ ಹೊರಬಂತು, ತುಕ್ಕು ಹಿಡಿದ ಪಂಪು ಹೊಡೆದಂತೆ. ಕೆಂಚಕ್ಕ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಪಾಪಣ್ಣ ತಲೆ ತಗ್ಗಿಸಿದ. ಜುಂಜಯ್ಯ ಮಾತ್ರ ಸಮಾಧಾನದಿಂದ ತಲೆಯಾಡಿಸಿ, ‘ಬ್ಯಾಡಪ್ಪ, ಸುಳ್ಳು ನಗಾಕೂ ಬರಲ್ಲ ನಿನಗೆ. ಇಂಥೋನೇ ಬೇಕು ಗುಡಿಗೆ’ ಎಂದ.

ಬದುಕಿದ್ದಾಗ ತಾಯಿ ಮುದ್ದಕ್ಕ ಹಟ್ಟಿಯಲ್ಲಿ ಸಂಜೆ ಕುರಿರೊಪ್ಪದ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಪ್ರತಿಯೊಂದು ಕುರಿಯ ಬೆನ್ನಿನ ಮೇಲೆ ಕೈ ಆಡಿಸುತ್ತಿದ್ದಳು. ಅಂಗೈಗೇ ತಿಳಿಯುತ್ತಿತ್ತು ಅವಳಿಗೆ. ಕೆಮ್ಮಿಲ್ಲ, ಕುಂಟಿಲ್ಲ, ಮಂದೆಯ ಜೊತೆ ಹೋಗುತ್ತದೆ, ಬರುತ್ತದೆ, ಆದರೂ ಬೆನ್ನುಮೂಳೆ ಕೈಗೆ ಹತ್ತುವ ಕುರಿಯೊಂದು ಇದ್ದೇ ಇರುತ್ತಿತ್ತು. ‘ಮೇಯ್ತೈತೆ, ಮೈಗೆ ಹತ್ತಲ್ಲ’ ಎನ್ನುತ್ತಿದ್ದಳು. ಅದನ್ನು ಬೇರೆ ಕಟ್ಟಿ ಏನೇನೋ ಸೊಪ್ಪು ಹಾಕುತ್ತಿದ್ದಳು. ಒಂದು ಸಂಜೆ ಪಕ್ಕದಲ್ಲಿ ನಿಂತಿದ್ದ ಅವನ ಬೆನ್ನಿನ ಮೇಲೂ ಅದೇ ಕೈ ಇಳಿದಿತ್ತು. ಅವನು ಕೊಡವಿಕೊಂಡಿದ್ದ.

‘ಅಜ್ಜಾ, ನನಗೆ ಕಾಯಿಲೆ ಐತೆ’ ಎಂದ ಚಿತ್ತಪ್ಪ.

‘ಏನು ಕಾಯಿಲೆ?’

‘ಮೇಯ್ತೈತೆ, ಮೈಗೆ ಹತ್ತಲ್ಲ ಅಂತಿದ್ಲಲ್ಲ ನಮ್ಮವ್ವ. ಅದು.’

ಅವನೇ ಎದ್ದು ಕ್ಯಾಲೆಂಡರಿನ ಮೊಳೆಯಿಂದ ಚೀಟಿ ಕಿತ್ತು ಮುದುಕನ ಮುಂದೆ ಹಿಡಿದ. ಓದು ಬಾರದ ಜುಂಜಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಕಾಯಿಲೆಯವನು ಮುಳ್ಳುಬೇಲಿ ದಾಟುವಂತಿಲ್ಲ, ಅದು ಎಲ್ಲರಿಗೂ ಗೊತ್ತಿದ್ದ ಕಟ್ಟು. ಆದರೆ ಮುದುಕನಿಗೆ ಹೊಳೆದದ್ದು ಅದಲ್ಲ. ಚೀಟಿಯನ್ನು ಹಿಂದಕ್ಕೆ ಕೊಟ್ಟು, ‘ಹಂಗಾದ್ರೆ ನಮ್ಮಣ್ಣಂಗೆ?’ ಎಂದ. ‘ಮೂವತ್ತು ವರ್ಷ ಅಲ್ಲಿ ಕುಂಡ್ರಿಸಿ ಕೈ ಮುಗುದ್ವಿ. ಏನಾಗೈತಣ್ಣಾ ಅಂತ ಒಂದು ದಿನ ಕೇಳ್ಲಿಲ್ಲ’ ಎಂದು ಮಜ್ಜಿಗೆಯ ಲೋಟವನ್ನು ಎತ್ತಿ, ಕುಡಿಯದೆ ಕೆಳಗಿಟ್ಟ. ಚಿತ್ತಪ್ಪನ ಕಡೆ ಮತ್ತೆ ನೋಡಿದಾಗ ಆ ಕಣ್ಣಿನಲ್ಲಿದ್ದ ಭಕ್ತಿ ಹೋಗಿತ್ತು. ಉಳಿದದ್ದು ಕನಿಕರ, ರೊಪ್ಪದ ಬಾಗಿಲಿನ ಕನಿಕರ. ಅದನ್ನು ನೋಡಲಾರದೆ ಚಿತ್ತಪ್ಪ ಅಂಗಿಯ ಗುಂಡಿ ಎಣಿಸಿದ. ಅರ್ಧ ಗಂಟೆಯ ಹಿಂದೆ ದೇವರ ಪಕ್ಕದಲ್ಲಿ ಕೂರಬೇಕಾಗಿದ್ದವನು.

ಐದು ಗಂಟೆಯ ದುರ್ಗದ ಗಾಡಿಗೆ ಅವರನ್ನು ಹತ್ತಿಸಲು ಗಂಡ ಹೆಂಡತಿ ಇಬ್ಬರೂ ಹೋದರು. ಜುಂಜಯ್ಯ ಕಿಟಕಿಯ ಪಕ್ಕ ಕೂತ, ಪಾಪಣ್ಣ ಬಾಗಿಲಲ್ಲೇ ನಿಂತ. ನಾಳೆ ಆಸ್ಪತ್ರೆಯ ಡಾಕ್ಟರೂ ಅದೇ ಪ್ರಶ್ನೆ ಕೇಳುತ್ತಾನೆ ಎಂದು ಚಿತ್ತಪ್ಪನಿಗೆ ಹೊಳೆಯಿತು. ಯಾವಾಗಿನಿಂದ? ಇದಕ್ಕೆ ಇವರನ್ನು ಬಿಟ್ಟರೆ ಬೇರೆ ಸಾಕ್ಷಿ ಯಾರಿದ್ದಾರೆ? ನಾಚಿಕೆ ನುಂಗಿಕೊಂಡು ಕಿಟಕಿಯ ಹತ್ತಿರ ಹೋದ. ‘ಅಜ್ಜಾ, ಹನ್ನೆರಡು ವರ್ಷ ಇದ್ದಾಗ ಕಣ್ಣಿಟ್ವಿ ಅಂದೆ. ಯಾಕೆ ಆಗ? ಹುಟ್ಟಿದಾಗಿಂದ ನಾನು ಹಿಂಗೇ ಅಲ್ವಾ?’

‘ಎಲ್ಲಿ ಬಂತಪ್ಪಾ?’ ಎಂದ ಜುಂಜಯ್ಯ, ಸೋಜಿಗಪಟ್ಟು. ‘ಅದಕ್ಕೆ ಮುಂಚೆ ನಗ್ತಿದ್ದೆ. ಹಟ್ಟಿಗೆಲ್ಲ ಕೇಳಂಗೆ ನಗ್ತಿದ್ದೆ. ಆ ವರ್ಷ ಯಾಕೋ ನಿಂತೋತು. ದೇವ್ರು ಮುಟ್ಟಿದ ಅಂದ್ಕಂಡ್ವಿ ನಾವು.’

ಸುಳ್ಳು ಎಂದುಕೊಂಡ ಚಿತ್ತಪ್ಪ. ಅವನ ನೆನಪಿನಲ್ಲಿ ಎಲ್ಲೂ ಅಂಥ ಹುಡುಗನಿರಲಿಲ್ಲ. ಮುದುಕ ಯಾರದೋ ಮಗನನ್ನು ತನ್ನ ಮೇಲೆ ಹೇರುತ್ತಿದ್ದಾನೆ. ಗಾರ್ಡು ಹಸಿರು ಬಾವುಟ ಬೀಸಿದ. ಎಂಜಿನ್ನು ಒಮ್ಮೆ ಜಗ್ಗಿತು.

‘ಹೆಂಗ್ ನಗ್ತಿದ್ದೆ ಮಾವ?’ ಎಂದು ಬಾಗಿಲಲ್ಲಿದ್ದ ಪಾಪಣ್ಣನನ್ನು ಕೇಳಿದ. ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಎನ್ನಿಸಿತು.

ಪಾಪಣ್ಣ ಒಂದು ಕ್ಷಣ ಯೋಚಿಸಿದ. ಆಮೇಲೆ ಕಂಬಿ ಹಿಡಿದು, ಬೊಚ್ಚು ಬಾಯಿ ತೆರೆದು, ತಲೆಯನ್ನು ಹಿಂದಕ್ಕೆ ಎಸೆದು ನಕ್ಕ. ಅದು ಪಾಪಣ್ಣನ ನಗುವಲ್ಲ. ಮೊದಲು ಬಿಕ್ಕಳಿಕೆಯಂತೆ ಎರಡು ಸಣ್ಣ ಸದ್ದು, ಆಮೇಲೆ ಉಸಿರು ಒಳಕ್ಕೆ ಎಳೆದುಕೊಂಡು, ಮೇಲಕ್ಕೆ, ಇನ್ನೂ ಮೇಲಕ್ಕೆ ಏರುವ ಕೀಚಲು ನಗು, ನಿಲ್ಲಿಸಲು ಹೋಗಿ ಮೂಗಿನಿಂದ ಸಿಡಿದು ಮತ್ತೆ ಶುರುವಾಗುವ ಹುಡುಗನ ನಗು. ಡಬ್ಬಿಯೊಳಗಿನ ಜನ ತಿರುಗಿ ನೋಡಿದರು. ಟಿಕೇಟು ಕೌಂಟರಿನಿಂದ ನಾಗರಾಜಪ್ಪ ಕತ್ತು ಚಾಚಿ, ಯಾರದೆಂದು ಗೊತ್ತಿಲ್ಲದೆಯೇ ತಾನೂ ನಕ್ಕ. ಗಾಡಿ ಚಲಿಸುತ್ತಿತ್ತು, ಪಾಪಣ್ಣ ನಗುತ್ತಲೇ ಇದ್ದ, ಹೊಗೆಯೊಳಗೆ ಆ ನಗು ಸಣ್ಣದಾಗುತ್ತ ಹೋಯಿತು.

ಕೆಂಚಕ್ಕ ಗಾಡಿಯ ಕಡೆ ನೋಡುತ್ತಿರಲಿಲ್ಲ. ಗಂಡನ ಮುಖ ನೋಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಅವನ ನಗುವನ್ನು ಅವಳು ಕೇಳಿದ್ದು ಅದೇ ಮೊದಲು.

‘ನಾಳೆ ಎಷ್ಟೊತ್ತಿಗೆ ಗಾಡಿ?’ ಎಂದು ಕೇಳಿದಳು.

‘ಆರೂ ಹತ್ತಕ್ಕೆ’ ಎಂದ ಚಿತ್ತಪ್ಪ.